ಕಾಡಿನವಳು

ನೀಲಾವತಿ ಗಂಜಿಯ ಬಟ್ಟಲನ್ನು ಹಳೆಯ ದನದ ಹಟ್ಟಿಯ ಹೊಸ್ತಿಲ ಮೇಲೆ ಇಟ್ಟಳು ಎನ್ನುವುದಕ್ಕಿಂತ ಕುಕ್ಕಿದಳು ಎನ್ನುವುದೇ ಸರಿ. ತೆಳಿನೀರು ಚೆಲ್ಲಿ ಹೊಸ್ತಿಲಿನಿಂದ ಕೆಳಗಿಳಿಯಿತು. ಒಳಗೆ, ಒಣಗಲು ನೇತುಹಾಕಿದ ರಬ್ಬರ್ ಶೀಟುಗಳ ಹಿಂದೆ, ಸೊಸೆ ವಿಸ್ಮಿತಾ ತಲೆಗೆ ಬೈರಾಸು ಸುತ್ತಿಕೊಂಡು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬಟ್ಟಲಿನ ಸದ್ದಿಗೆ ಅವಳು ಎರಡೂ ಕಿವಿ ಮುಚ್ಚಿಕೊಂಡಳು.

"ಮುಚ್ಚಿಕೋ, ಚೆನ್ನಾಗಿ ಮುಚ್ಚಿಕೋ. ನಿನಗೋಸ್ಕರ ಹತ್ತಿಯಲ್ಲಿ ಬಟ್ಟಲು ಮಾಡಿಸುವುದಾ? ನಿನ್ನ ಅಣ್ಣ ಈಗ ಬರ್ತಾನೆ. ಉಂಡು ತಯಾರಾಗು" ಎಂದಳು ನೀಲಾವತಿ.

ವಿಸ್ಮಿತಾಳ ಅಣ್ಣ ತರುಣ್ ತೋಡಾರಿನಿಂದ ಆಟೋ ಮಾಡಿಕೊಂಡು ಹೊರಟಾಗಿತ್ತು. ತಂಗಿಯನ್ನು ತವರಿಗೆ ಕರೆದೊಯ್ಯಬೇಕು, ಮಗು ಇಲ್ಲೇ ಇರಬೇಕು. ಹಾಗೆಂದು ಫೋನಿನಲ್ಲಿ ಅಪ್ಪಣೆ ಕೊಟ್ಟವಳು ನೀಲಾವತಿಯೇ. ಎಷ್ಟು ದಿನಕ್ಕೆ ಎಂದು ಅವನು ಕೇಳಿದ್ದಕ್ಕೆ ಅವಳು ಉತ್ತರ ಕೊಟ್ಟಿರಲಿಲ್ಲ.

ಚಳಿಗಾಲದಲ್ಲಿ ಕಕ್ಕಿಂಜೆಯ ಮೇಲಿನ ಕಾಡಂಚಿನಲ್ಲಿ ಒಂದು ಮಂಗ ಸತ್ತು ಬಿದ್ದಿತ್ತು. ಆಶಾ ಕಾರ್ಯಕರ್ತೆ ಮನೆಮನೆಗೆ ಬಂದು, ಉಣ್ಣಿ ಕಚ್ಚದ ಹಾಗೆ ಕೈಕಾಲಿಗೆ ಹಚ್ಚಿಕೊಳ್ಳುವ ಎಣ್ಣೆಯ ಬಾಟಲಿ ಕೊಟ್ಟು ಹೋಗಿದ್ದಳು. ದನಗಳ ಕಾಲಡಿಗೆ ಹಾಸಲು ತರಗೆಲೆ ಗುಡಿಸಿ ತರಲು ಹೊರಟ ವಿಸ್ಮಿತಾ ಆ ಬಾಟಲಿಯ ಮುಚ್ಚಳ ತೆಗೆದದ್ದೂ ಉಂಟು. ಅದರ ನಾತಕ್ಕೆ ನೀಲಾವತಿ ಮೂಗು ಮುಚ್ಚಿಕೊಂಡು, ಇದನ್ನು ಬಳಿದುಕೊಂಡು ಕರೆಯಲು ಕೂತರೆ ದನ ಹಾಲಿಳಿಸುವುದಿಲ್ಲ ಎಂದಿದ್ದಳು. ವಿಸ್ಮಿತಾ ಮುಚ್ಚಳ ಹಾಕಿ, ಬುಟ್ಟಿ ಎತ್ತಿಕೊಂಡು ಹೋದಳು.

ಆಮೇಲೆ ಕಣ್ಣು ಕೆಂಡವಾಗುವಂಥ ಜ್ವರ, ಮೈಮುರಿಯುವ ನೋವು, ಆಸ್ಪತ್ರೆ, ಮಂಗನ ಕಾಯಿಲೆ ಎಂಬ ಹೆಸರು. ಬದುಕಿ ಬಂದದ್ದೇ ದೊಡ್ಡದು ಎಂದು ಊರೆಲ್ಲ ಹೇಳಿತು. ಆದರೆ ಹೋದವಳೊಬ್ಬಳು, ಬಂದವಳೊಬ್ಬಳು. ರಬ್ಬರ್ ಹಾಲಿನ ಬಕೆಟ್ ಹೊತ್ತು ಗುಡ್ಡ ಇಳಿಯುವಾಗಲೂ ಹಾಡು ಬಿಡದವಳು ಈಗ ಮಿಕ್ಸಿಯ ಸದ್ದಿಗೆ ಅಳುತ್ತಿದ್ದಳು. ಟ್ಯೂಬ್‌ಲೈಟ್ ಹಾಕಿದರೆ ಚೀರುತ್ತಿದ್ದಳು. ಕೈ ನಡುಗಿ ಚಹಾ ಚೆಲ್ಲುತ್ತಿತ್ತು. ಮೊನ್ನೆ ಅಡುಗೆಮನೆಯಿಂದ ಬೀಸಿ ಒಗೆದ ಸಟ್ಟುಗ ಮಗಳು ತೃಪ್ತಿಯ ಕಿವಿಯ ಪಕ್ಕದಿಂದ ಹಾರಿ ಗೋಡೆಗೆ ಬಡಿಯಿತು. ಅಂದೇ ಸಂಜೆ ನೀಲಾವತಿ ಸೊಸೆಯ ಚಾಪೆಯನ್ನು ಹಳೆಯ ಹಟ್ಟಿಗೆ ಎಸೆದಳು.

ವಿಸ್ಮಿತಾ ಎದುರು ಮಾತಾಡಲಿಲ್ಲ. "ಕೈ ಎತ್ತುವಾಗ ನನಗೆ ಗೊತ್ತಾಗುವುದಿಲ್ಲ ಅತ್ತೆ, ಎತ್ತಿದ ಮೇಲೆ ಗೊತ್ತಾಗ್ತದೆ. ತಲೆಯೊಳಗೆ ಜೀರುಂಡೆ ಕೂತ ಹಾಗೆ ಆಗ್ತದೆ" ಎಂದಷ್ಟೇ ಹೇಳಿ, ಚಾಪೆಯ ಹಿಂದೆಯೇ ನಡೆದುಹೋದಳು.

ಮಗ ದಯಾನಂದ ಮಾತ್ರ ಇಂದು ಬೆಳಿಗ್ಗೆ ರಬ್ಬರ್ ಟ್ಯಾಪಿಂಗ್ ಕತ್ತಿಯನ್ನು ಜಗಲಿಯಲ್ಲಿ ಬಿಸಾಡಿ ತಾಯಿಯ ಎದುರು ನಿಂತ. ಈ ಜ್ವರ ಕೆಲವರ ತಲೆಗೂ ತಾಗುತ್ತದೆ, ಹೆದರಿಕೆ, ಸಿಟ್ಟು, ತಲೆನೋವು ತಿಂಗಳುಗಟ್ಟಲೆ ಉಳಿಯಬಹುದು, ಮನಸ್ಸಿನ ಡಾಕ್ಟರಿಗೂ ತೋರಿಸಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದನ್ನು ಅವನು ಮತ್ತೆ ನೆನಪಿಸಿದ. ಮೂಡುಬಿದಿರೆಯಲ್ಲಿ ಅಂಥ ಡಾಕ್ಟರೊಬ್ಬರು ಇದ್ದಾರೆಂದು ವಿಚಾರಿಸಿಯೂ ಬಂದಿದ್ದ.

"ಹುಚ್ಚಿನ ಡಾಕ್ಟರಿಗೆ ತೋರಿಸಿದರೆ ನಾಳೆ ಈ ಮಗುವಿಗೆ ಸಂಬಂಧ ಯಾರು ಕೊಡ್ತಾರೆ?" ಎಂದಳು ನೀಲಾವತಿ. "ರಕ್ತದಲ್ಲಿ ಎಂತದೂ ಇಲ್ಲ ಅಂತ ಅವರೇ ಬರೆದು ಕೊಟ್ಟಿದ್ದಾರೆ. ಇದು ರೋಗ ಅಲ್ಲ, ಅಹಂಕಾರ. ಸಟ್ಟುಗ ಒಂದು ಗೇಣು ಈಚೆ ಬಂದಿದ್ದರೆ ನೀನು ಈಗ ಯಾರ ಪರ ಮಾತಾಡ್ತಿದ್ದೆ?"

ದಯಾನಂದ ಬಿಸಾಡಿದ ಕತ್ತಿಯನ್ನು ಎತ್ತಿಕೊಂಡ. ಅವನು ಆಡಿದ್ದು ಬೇರೆಯೇ ಮಾತು. "ಆ ದಿನ ಎಣ್ಣೆ ಹಚ್ಚಿಕೊಳ್ಳಲು ಬಿಟ್ಟಿದ್ದರೆ ಇದೆಲ್ಲ ಇರಲಿಲ್ಲ ಅಮ್ಮ."

ಅಷ್ಟು ಹೇಳಿ ಅವನು ರಬ್ಬರ್ ಗುಡ್ಡ ಹತ್ತಿದ. ನೀಲಾವತಿಯ ಎದೆಯಲ್ಲಿ ಆ ಮಾತು ಮೀನಿನ ಮುಳ್ಳಿನಂತೆ ಅಡ್ಡ ನಿಂತಿತು. ಅದರ ಉರಿಯನ್ನೇ ಅವಳು ಗಂಜಿಯ ಬಟ್ಟಲಿನ ಮೇಲೆ ತೀರಿಸಿದ್ದು.

ಈಗ ಹಟ್ಟಿಯಿಂದ ಹಿಂದಿರುಗಿದರೆ ಜಗಲಿಯಲ್ಲಿ ನೆರೆಮನೆಯ ಸೇಸಮ್ಮ ಮಡಿಲಲ್ಲಿ ಮೊರದಂಥ ತಡ್ಪೆ ಇಟ್ಟುಕೊಂಡು ಎಂದಿನಂತೆ ಬೀಡಿ ಕಟ್ಟುತ್ತಿದ್ದಳು. ಈ ಮನೆ ನೀಲಾವತಿಗೆ ಅವಳ ಅಜ್ಜಿಯಿಂದ ಬಂದದ್ದು. ಅವಳು ಹುಟ್ಟಿ ಬೆಳೆದದ್ದೂ ಇಲ್ಲೇ. ತಾಯಿ ಜ್ವರದಲ್ಲಿ ಹೋದ ಮೇಲೆ ಸಾಕಿದ್ದು ಅಜ್ಜಿ. ಆ ಕಾಲವನ್ನು ಕಂಡವರಲ್ಲಿ ಉಳಿದಿರುವವಳು ಸೇಸಮ್ಮ ಒಬ್ಬಳೇ.

ತೃಪ್ತಿ ಅಮ್ಮನ ಹತ್ತಿರ ಹೋಗುತ್ತೇನೆಂದು ಹಟ ಹಿಡಿದಿದ್ದಳು. ನೀಲಾವತಿ ಅವಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡು, "ಅದು ನಿನ್ನ ಅಮ್ಮ ಅಲ್ಲ. ಯಾರು ಅಂತ ಹೇಳ್ತೇನೆ, ಕೇಳು" ಎಂದು, ತಾನು ಅಜ್ಜಿಯ ಮಗ್ಗುಲಲ್ಲಿ ಮಲಗಿ ನೂರು ಸಲ ಕೇಳಿದ ಕತೆ ತೆಗೆದಳು.

ಒಂದೂರಲ್ಲಿ ಒಬ್ಬಳು ಹೆಂಗಸು. ಸೊಪ್ಪಿಗೆಂದು ಕಾಡಿಗೆ ಹೋದಳು. ಕಾಡಿನವಳು ಅವಳನ್ನು ಬಿಲದಲ್ಲಿ ಅಡಗಿಸಿ, ಅವಳ ಚರ್ಮ ಉಟ್ಟುಕೊಂಡು ಮನೆಗೆ ಬಂದಳು. ಅದೇ ಮೂಗು, ಅದೇ ಮಾತು. ಆದರೆ ಕಾಡಿನವಳಿಗೆ ದೀಪ ಕಂಡರಾಗದು, ಒನಕೆಯ ಸದ್ದು ಕೇಳಿದರಾಗದು. ತುತ್ತು ಎತ್ತಿದರೆ ಕೈ ನಡುಗಿ ಅನ್ನವೆಲ್ಲ ನೆಲಕ್ಕೆ. ಮನೆಯವರಿಗೆ ಗುಟ್ಟು ತಿಳಿಯಿತು. ಹಟ್ಟಿಗೆ ಹಾಕಿ ಅಗಳಿ ಜಡಿದರು. ಕಾಡಿನವಳು ಹಗಲಿಡೀ ಬಾಗಿಲು ಗೀರುತ್ತ, ಮಗುವನ್ನು ಕೊಡಿ, ಮಗುವನ್ನು ಕೊಡಿ ಎನ್ನುತ್ತಿದ್ದಳು. ಯಾಕೆ? ತಿನ್ನಲಿಕ್ಕೆ. ಯಾರೂ ಕೊಡಲಿಲ್ಲ. ಒಂದು ದಿನ ಸದ್ದು ನಿಂತಿತು, ಕಾಡಿನವಳು ಹೋಗಿಬಿಟ್ಟಳು.

ದೀಪ, ಸದ್ದು, ನಡುಗುವ ಕೈ. ಇದನ್ನು ಹೀಗೆ ಒಂದರ ಪಕ್ಕ ಒಂದಿಟ್ಟು ನೀಲಾವತಿ ಎಂದೂ ನೋಡಿರಲಿಲ್ಲ.

"ಮತ್ತೆ ನಿಜವಾದ ಅಮ್ಮ ಬಂದಳಾ ಅಜ್ಜಿ?" ಎಂದು ಕೇಳಿದಳು ತೃಪ್ತಿ.

ನೀಲಾವತಿ ಅಜ್ಜಿಯಿಂದ ಕೇಳಿದ ಕತೆಯಲ್ಲಿ ಅದು ಇರಲಿಲ್ಲ.

ಸೇಸಮ್ಮನ ಬೆರಳುಗಳು ಬೀಡಿ ಎಲೆಯ ಮೇಲೆ ನಿಂತುಹೋಗಿದ್ದವು. "ತಿನ್ನಲಿಕ್ಕೆ ಅಲ್ಲ ನೀಲಾ" ಎಂದಳು ಅವಳು. "ನೋಡಲಿಕ್ಕೆ."

"ಎಂತ ಹೇಳ್ತೀರಿ ಸೇಸಕ್ಕ?"

"ಮಗುವನ್ನು ಕೇಳ್ತಿದ್ದದ್ದು ಒಮ್ಮೆ ನೋಡಲಿಕ್ಕೆ. ಆ ವರ್ಷ ಈ ಕಾಡಿನಲ್ಲಿ ಮಂಗಗಳು ರಾಶಿ ಸತ್ತಿದ್ದವು. ಅವಳಿಗೆ ಜ್ವರ ಬಿಟ್ಟಿತ್ತು. ಜ್ವರ ಬಿಟ್ಟ ಮೇಲೇ ಹೀಗಾದದ್ದು. ನಾನು ಆಗ ಮದುವೆಯಾಗಿ ಬಂದ ಹೊಸತು, ಬೇಲಿಯಾಚೆ ನಿಂತು ಕೇಳಿದ್ದೇನೆ. ಯಾರಲ್ಲೂ ಹೇಳಬಾರದು ಅಂತ ನಿನ್ನ ಅಜ್ಜಿ ಆಣೆ ಹಾಕಿಸಿಕೊಂಡಿದ್ದಳು. ಇಷ್ಟು ವರ್ಷ ಹೇಳಲೂ ಇಲ್ಲ. ಆದರೆ ಈ ಕೂಸಿಗೂ ಅದೇ ಕತೆ ಹೇಳುತ್ತೀಯಲ್ಲ."

"ಯಾವ ಮಗುವನ್ನು ಕೇಳ್ತಿದ್ದಳು?"

ಸೇಸಮ್ಮ ಅವಳ ಮುಖವನ್ನೇ ನೋಡಿದಳು.

ಕತೆಗೆ ಕಾಲಿಲ್ಲ ಎನ್ನುತ್ತಾರೆ. ಆದರೆ ಈ ಕತೆ ನಾಲ್ಕು ದಶಕ ಈ ಮನೆಯೊಳಗೇ ಓಡಾಡಿಕೊಂಡಿತ್ತು, ಅವಳ ಪಕ್ಕದಲ್ಲೇ ಮಲಗಿ ಎದ್ದಿತ್ತು. ನೀಲಾವತಿ ಮಗುವನ್ನು ಕೆಳಗಿಳಿಸಿ ಹಟ್ಟಿಯತ್ತ ನಡೆದಳು. ಹಳೆಯ ಹಲಸಿನ ಬಾಗಿಲನ್ನು ಪೂರ್ತಿ ತೆರೆದು ಅದರ ಒಳಮೈಯನ್ನು ನೋಡಿದಳು. ಮೊಣಕಾಲೆತ್ತರದಲ್ಲಿ ಗೀರುಗಳಿದ್ದವು. ಕರುವಿನ ಕೊಂಬು ತಾಗಿದ್ದು ಎಂದು ಅಜ್ಜಿ ಹೇಳುತ್ತಿದ್ದಳು. ಅವಳು ಕೂತು ಅದರ ಮೇಲೆ ಬೆರಳಿಟ್ಟಳು. ಐದೂ ಬೆರಳು ಐದು ಗೀರಿನಲ್ಲಿ ಕೂತವು.

ಅಷ್ಟರಲ್ಲಿ ಆಟೋ ಬಂದು ಅಂಗಳದಲ್ಲಿ ಹಾರ್ನ್ ಹೊಡೆಯಿತು. ವಿಸ್ಮಿತಾ ಚಾಪೆಯ ಮೇಲೆ ಮುದುಡಿಕೊಂಡಳು. ಗಂಜಿಯನ್ನು ಅವಳು ಮುಟ್ಟಿರಲಿಲ್ಲ.

"ಬಂದೆ ಅತ್ತೆ, ಹೊರಟೆ" ಎಂದಳು ಕಣ್ಣು ತೆರೆಯದೆ. "ಮಗುವನ್ನು ಒಮ್ಮೆ ನೋಡಿ ಹೋಗ್ಲಾ? ದೂರದಿಂದ ಸಾಕು."

ನೀಲಾವತಿ ನೇತಾಡುತ್ತಿದ್ದ ಶೀಟುಗಳನ್ನು ಒಂದೊಂದಾಗಿ ಎಳೆದು ದಾರಿ ಮಾಡಿದಳು. ಸೊಸೆಯನ್ನು ಎಬ್ಬಿಸಿ ನಿಲ್ಲಿಸಿ, ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಮನೆಯೊಳಗೆ ಹಾಕಿ ಬಂದಳು. ಆಮೇಲೆ ಅವಳ ತೋಳು ಹಿಡಿದುಕೊಂಡಳು. ದನಿ ಮಾತ್ರ ಹಳೆಯದೇ. "ಅಲ್ಲಿ ದೂರದಲ್ಲಿ ನಿಂತು ನೋಡಲಿಕ್ಕೆ ಅದೇನು ನೆರೆಮನೆಯ ಮಗುವಾ? ಬೈರಾಸು ಕಣ್ಣಿನ ಮೇಲೆ ಎಳೆದುಕೋ. ಬಿಸಿಲು ಉಂಟು."

ಅಂಗಳದಲ್ಲಿ ತರುಣ್ ಬಟ್ಟೆಯ ಗಂಟು ಎಲ್ಲಿ ಎಂದು ಹುಡುಕುತ್ತಿದ್ದ. ಗಂಟು ಇಲ್ಲ, ತೋಡಾರಿಗೂ ಇಲ್ಲ, ಮೊದಲು ಮೂಡುಬಿದಿರೆಯ ಆ ಡಾಕ್ಟರಲ್ಲಿಗೆ ಹೋಗುವ, ತಾನೂ ಬರುತ್ತೇನೆ ಎಂದಳು ನೀಲಾವತಿ. ಅವನು ಬಾಯಿ ತೆರೆಯುವ ಮೊದಲೇ ಗುಡ್ಡದಲ್ಲಿರುವ ದಯಾನಂದನನ್ನು ಕೂಗಿ ಕರೆಯಲು ಅವನನ್ನು ಅಟ್ಟಿದಳು.

ತೃಪ್ತಿ ಜಗಲಿಯ ಕಂಬದ ಹಿಂದೆ ನಿಂತು ಅಮ್ಮನನ್ನು ಮೇಲಿಂದ ಕೆಳಗೆ ನೋಡುತ್ತಿದ್ದಳು. "ಅಜ್ಜಿ, ಇದು ನಿಜವಾದವಳಾ? ಬಂದಳಾ?"

"ಅವಳು ಎಲ್ಲಿಗೂ ಹೋಗಿರಲಿಲ್ಲ ಮಗಾ" ಎಂದಳು ನೀಲಾವತಿ.

ದಯಾನಂದ ಗುಡ್ಡ ಇಳಿದು ಬಂದ ಮೇಲೆ ಎಲ್ಲರೂ ಹೊರಟರು. ಆಟೋದಲ್ಲಿ ನೀಲಾವತಿ ಮಗುವನ್ನು ತನ್ನ ತೊಡೆಯ ಮೇಲೆ ಕೂರಿಸಿಕೊಂಡು, ಅದರ ಒಂದು ಕೈಯನ್ನು ಸೊಸೆಯ ನಡುಗುವ ಅಂಗೈಯಲ್ಲಿಟ್ಟಳು. ಆಟೋ ಚಾರ್ಮಾಡಿ ರಸ್ತೆಗೆ ತಿರುಗುವಲ್ಲಿ ಎದುರಿಂದ ಲಾರಿ ಬಂತು. ಚಾಲಕನ ಕೈ ಹಾರ್ನಿನತ್ತ ಹೋಯಿತು. ನೀಲಾವತಿ ಹಿಂದಿನಿಂದ ಅವನ ಭುಜವನ್ನು ಗಟ್ಟಿಯಾಗಿ ಹಿಡಿದಳು.

"ನಿಲ್ಲಿಸಿ ದಾರಿ ಕೊಡು, ಹಾರ್ನ್ ಹಾಕ್ಬೇಡ ಮಾರಾಯ. ನನ್ನ ಸೊಸೆಗೆ ಆಗುವುದಿಲ್ಲ."