ಗಾಯದ ಪಟ್ಟಿ ಸುತ್ತಿದ ತಂತಿ

ಬೆಳಿಗ್ಗೆ ಸರೋವರದ ಕಡೆ ಹೊರಟಾಗ ಮುಂದೆ ದೋಣಿಯಕ್ಕನ ಜೀಪು, ಅದಕ್ಕೆ ಸಿಕ್ಕಿಸಿದ ಟ್ರೈಲರಿನ ಮೇಲೆ ದೋಣಿ, ಹಿಂದೆ ಮೊಪೆಡ್ಡಿನಲ್ಲಿ ಅವಳ ಮಾವ. ಮೀನು ಹಿಡಿಯುವ ಹುಚ್ಚಿನವರನ್ನು ನೀರಿನ ಮೇಲೆ ಸುತ್ತಾಡಿಸುವುದು ಅವಳ ಕಸುಬು. ದಡದಲ್ಲಿ ಗಾಳ, ಎರೆ ನೋಡಿಕೊಳ್ಳುವುದು ಮಾವನ ಪಾಲು. ತಿರುವಿನಲ್ಲಿ ನಾಯಿಯೊಂದು ಅಡ್ಡ ಬಂತು. ಅವಳು ಬ್ರೇಕ್ ಒತ್ತಿದಳು. ಹಿಂದೆ ಧಡ್ಡೆಂದು ಸದ್ದಾಯಿತು.

ಇಳಿದು ಓಡಿದರೆ, ಮಾವ ರಸ್ತೆಯ ಮೇಲೆ ಕುಳಿತು ಎಡಗೈಯನ್ನು ಬಲಗೈಯಲ್ಲಿ ಕೂಸಿನ ಹಾಗೆ ಎತ್ತಿಕೊಂಡಿದ್ದರು.

"ಬ್ರೇಕ್ ಲೈಟು ಹತ್ತಲೇ ಇಲ್ವಲ್ಲಮ್ಮ," ಎಂದರು.

ಕುತ್ತಿಗೆಗೂ ಎಡಹೆಗಲಿಗೂ ನಡುವಿನ ಮೂಳೆ ಮುರಿದಿತ್ತು. ಆಸ್ಪತ್ರೆಗೆ ಬಂದ ಅತ್ತೆ ಗಂಡನ ಮುಖ ನೋಡುವ ಮೊದಲೇ ಸೊಸೆಯ ಮೇಲೆ ಹರಿಹಾಯ್ದರು. "ಗಾಡಿ ಓಡಿಸ್ತಿದ್ದೋಳು ನೀನು. ಹಿಂದೆ ವಯಸ್ಸಾದೋರು ಬರ್ತಿದಾರೆ ಅನ್ನೋ ಜ್ಞಾನ ಬೇಡ್ವಾ?"

ಅವರ ಬೆನ್ನಿಗೆ ನಿಂತಿದ್ದ ಮೈದುನ ಮೆಲ್ಲಗೆ ಸೇರಿಸಿದ: "ಅತ್ತಿಗೆ ಸ್ವಲ್ಪ ಜೋರಾಗೇ ಓಡಿಸ್ತಾರೆ."

ಅವಳು ತಿರುಗಿ ಮೈದುನನ ಮುಖ ನೋಡಿದಳು. ಹಿಂದಿನ ದಿನ ಅವಳಿಗೆ ರಜೆ. ಗೆಳೆಯರ ಜೊತೆ ಜೀಪು, ದೋಣಿ ತೆಗೆದುಕೊಂಡು ಹೋಗಿದ್ದವನು ಇವನೇ. ಅದರ ಹಿಂದಿನ ಸಂಜೆ ಟ್ರೈಲರಿನ ಎಲ್ಲ ದೀಪವನ್ನೂ ಅವಳೇ ನೋಡಿ ಇಟ್ಟಿದ್ದಳು.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಟ್ರೈಲರಿನ ಹತ್ತಿರ ಹೋದಳು. ದೋಣಿಯ ಹುಟ್ಟೊಂದನ್ನು ಜೀಪಿನ ಬ್ರೇಕ್ ಪೆಡಲಿಗೂ ಸೀಟಿಗೂ ನಡುವೆ ಆನಿಸಿ ಹಿಂದಕ್ಕೆ ಬಂದು ನೋಡಿದಳು. ಎಡದೀಪ ಸತ್ತಿತ್ತು. ಬಲಗಡೆ ಬ್ರೇಕಿನ ಬದಲು ಇಂಡಿಕೇಟರ್ ಮಂಕಾಗಿ ಮಿಣುಕುತ್ತಿತ್ತು. ಒಂದು ದೀಪದ ಕರೆಂಟು ಇನ್ನೊಂದರ ದಾರಿ ಹಿಡಿದಿದೆ ಎಂದರೆ ಕರೆಂಟನ್ನು ಚೌಕಟ್ಟಿಗೆ ಮರಳಿಸುವ ಅರ್ಥ್ ತಂತಿ ಹಿಡಿತ ಬಿಟ್ಟಿದೆ ಎಂದೇ ಲೆಕ್ಕ. ಎಡದೀಪದ ಗಾಜು ಬಿಚ್ಚಿದಳು. ನೀರು ಸುರಿದು ಅವಳ ಮೊಣಕಾಲು ನೆನೆಯಿತು. ಒಳಗೆ ಬಲ್ಬು ಸಿಡಿದಿತ್ತು.

ಜೀಪಿನಿಂದ ದೀಪಗಳಿಗೆ ಕರೆಂಟು ಕೊಡುವ ಪ್ಲಗ್ ಕೀಳದೆ ಟ್ರೈಲರನ್ನು ನೀರಿಗೆ ಇಳಿಸಿದರೆ ಕಾದ ಬಲ್ಬು ತಣ್ಣೀರಿಗೆ ಸಿಡಿಯುತ್ತದೆ. ಇದನ್ನು ಮೈದುನನಿಗೆ ಬಾಯಿ ನೋಯುವಷ್ಟು ಸಲ ಹೇಳಿದ್ದಳು. ಕೊಂಡಿಯ ಮೇಲೆ ಕೆಂಪು ಬಣ್ಣದಲ್ಲಿ "ಮೊದಲು ಪ್ಲಗ್ ತೆಗಿ" ಎಂದು ಬರೆದೂ ಇದ್ದಳು. ಕೋಣನ ಮುಂದೆ ಕಿನ್ನರಿ.

ಚೌಕಟ್ಟಿನ ಅಡಿ ನುಸುಳಿ ತಂತಿಯನ್ನು ಬೆರಳಿನಲ್ಲಿ ಸವರುತ್ತ ಹೋದಳು. ಒಂದು ಕಡೆ ಮೆತ್ತಗೆ ಏನೋ ಸಿಕ್ಕಿತು. ಮೈಬಣ್ಣದ ಪಟ್ಟಿ. ಬೆರಳು ಕುಯ್ದುಕೊಂಡರೆ ಸುತ್ತುವಂಥದ್ದು, ನಡುವೆ ಹತ್ತಿಯ ಮೆತ್ತೆ ಸಮೇತ. ಕಿತ್ತುಹೋದ ಅರ್ಥ್ ತಂತಿಯನ್ನು ಬರಿಗೈಯಲ್ಲಿ ಹೊಸೆದು ಮೇಲೆ ಅದನ್ನು ಸುತ್ತಿದ್ದರು.

ಅವಳ ಮೈಯೆಲ್ಲ ಉರಿದುಹೋಯಿತು.

ಮೈದುನ ಊಟಕ್ಕೆ ಕುಳಿತಿದ್ದ. ಅವಳು ಆ ಕೊಳೆ ಪಟ್ಟಿಯನ್ನು ಅವನ ತಟ್ಟೆಯ ಅಂಚಿಗೆ ಇಟ್ಟಳು.

"ಇದು ಯಾರ ಗಾಯಕ್ಕೆ?"

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡಂತೆ ಅವನು ತನ್ನ ಬೆರಳು ನೋಡಿಕೊಂಡ. "ಅದು... ದಾರೀಲಿ ತಂತಿ ಕಿತ್ಕೊಂಡು ಬಂತು ಅತ್ತಿಗೆ. ಮನೆ ಸೇರಿದ್ರೆ ಸಾಕು ಅಂತ..."

"ಪಟ್ಟಿ ಇರೋದು ಅಡುಗೆಮನೆ ಡಬ್ಬೀಲಿ. ಅಂದ್ರೆ ಮನೆ ಸೇರಿದ ಮೇಲೆ ಸುತ್ತಿದೀಯ. ಕೆಟ್ಟಿದೆ ಅಂತ ಗೊತ್ತಿದ್ದೂ, ಬೆಳಿಗ್ಗೆ ನಾನು ಹೊರಟಾಗ ಬಾಗಿಲಲ್ಲಿ ನಿಂತು ಕೈ ಬೀಸ್ದೆ. ಹಿಂದೆ ನಿಮ್ಮಪ್ಪ ಬರ್ತಿದ್ರು."

"ಹೇಳಿದ್ರೆ ನೀವು ಬಯ್ತೀರ ಅಂತ."

"ನನ್ನ ಬೈಗುಳಕ್ಕೆ ಹೆದರಿ ಅಪ್ಪನ ಮೂಳೆ ಮುರಿಸ್ದೆ. ಆಮೇಲೆ ಆಸ್ಪತ್ರೇಲಿ ನಿಂತು, ಅತ್ತಿಗೆ ಜೋರಾಗಿ ಓಡಿಸ್ತಾರೆ ಅಂದೆ. ಆ ನಾಲಿಗೆಗೂ ಒಂದು ಪಟ್ಟಿ ಸುತ್ಕೊ."

ಅತ್ತೆ ಒಳಗಿಂದ ಬಂದರು. "ಅವನೇನು ಬೇಕೂಂತ ಮಾಡಿದ್ನಾ?"

"ನಾನು ಬೇಕೂಂತ ಮಾಡಿದ್ನಾ? ನನ್ನನ್ನ ಯಾಕೆ ಕೇಳ್ಲಿಲ್ಲ ಆ ಮಾತು?"

ಅತ್ತೆ ಸೆರಗು ಸರಿಮಾಡಿಕೊಂಡು ಒಳಗೆ ಹೋದರು. ದೂರದಲ್ಲಿ ಕೆಲಸಕ್ಕಿದ್ದ ಗಂಡ ಫೋನಿನಲ್ಲಿ, "ಹೋಗ್ಲಿ ಬಿಡು, ಮನೆ ಮಾತು," ಎಂದ. ಅವಳು ಫೋನಿಟ್ಟಳು.

ಮರುದಿನ ಮಾವ ಎಡಗೈಯನ್ನು ಬಟ್ಟೆಯ ಜೋಳಿಗೆಯಲ್ಲಿ ಕೊರಳಿಗೆ ತೂಗುಹಾಕಿಕೊಂಡು ಮನೆಗೆ ಬಂದರು. ಎಲ್ಲ ಕೇಳಿ, ನೊಂದ ದನಿಯಲ್ಲಿ ಹೇಳಿದರು: "ನಾನೂ ತೀರಾ ಹತ್ರ ಬರ್ತಿದ್ದೆ. ತಪ್ಪು ಎಲ್ಲರದ್ದೂ ಅಷ್ಟಿಷ್ಟು ಇದೆ ಬಿಡಮ್ಮ."

ಅತ್ತೆಯ ಬೈಗುಳಕ್ಕಿಂತ ಈ ಒಳ್ಳೆಯತನ ಅವಳನ್ನು ಹೆಚ್ಚು ಕೆರಳಿಸಿತು. "ಹಂಚಬೇಡಿ ಮಾವ. ಎಲ್ಲರಿಗೂ ಚೂರು ಚೂರು ಹಂಚಿಬಿಟ್ರೆ ಯಾರ ಕೈಯಲ್ಲೂ ಏನೂ ಉಳಿಯಲ್ಲ. ಇದು ಅವನದ್ದು. ಇಡಿಯಾಗಿ ಅವನದ್ದೇ."

ಮಾವ ಮಗನತ್ತ ತಿರುಗಿ, "ಏಳು, ಅತ್ತಿಗೆ ಹೇಳಿದ್ದು ಮಾಡು," ಎಂದರು.

ಅವಳು ಒಂದು ಸ್ಕ್ರೂ ಕೂಡ ಮುಟ್ಟಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಮಾಡಿಸಿದಳು. ಅವನು ಹೊಸ ಬಲ್ಬು ಹಾಕಿ, ಹಳೆ ತಂತಿ ಕಿತ್ತು ಹೊಸದನ್ನು ಎಳೆದ. ಕರೆಂಟು ಹಾಯದ ಬಣ್ಣದ ಮೇಲೆಯೇ ಅರ್ಥ್ ತಂತಿಯ ಬೋಲ್ಟು ಕೂರಿಸಲು ಹೋದಾಗ ಬಿಚ್ಚಿಸಿದಳು. ಕಬ್ಬಿಣ ಬೆಳ್ಳಗಾಗುವ ತನಕ ಚೌಕಟ್ಟನ್ನು ಉಜ್ಜಿಸಿದಳು. ಬೋಲ್ಟಿಗೆ ಗ್ರೀಸು ಬಳಿಸಿದಳು. ಬೆರಳ ಗಂಟು ತರಚಿ ರಕ್ತ ಬಂದಾಗ ಅವನು ಅವಳ ಮುಖ ನೋಡಿದ. ಅವಳು ಟಾರ್ಚನ್ನು ಬೋಲ್ಟಿನ ಮೇಲಿಂದ ಕದಲಿಸಲಿಲ್ಲ.

ಜೀಪಿನ ಕೀ ಅವನಿಗೆ ಮತ್ತೆ ಸಿಗಲಿಲ್ಲ. ಬದಲಿಗೆ ದಿನಾ ಬೆಳಿಗ್ಗೆ ಅವಳು ಹೊರಡುವ ಮುಂಚೆ ಟ್ರೈಲರಿನ ಹಿಂದೆ ನಿಂತು ದೀಪ ನೋಡಿ ಹೇಳುವ ಕೆಲಸ ಬಿತ್ತು. ಮುಖ ಊದಿಸಿಕೊಂಡೇ ನಿಲ್ಲುತ್ತಿದ್ದ.

"ಎಡ?"

"ಉರೀತಿದೆ."

"ಬಲ?"

"ಉರೀತಿದೆ."

"ಬ್ರೇಕು?"

"ಉರೀತಿದೆ ಅತ್ತಿಗೆ. ಎರಡೂ."

ಅವಳು ಪೆಡಲಿಗೆ ಹುಟ್ಟನ್ನು ಆನಿಸಿ, ಜೀಪಿನಿಂದ ಇಳಿದು, ಹಿಂದಕ್ಕೆ ಬಂದು ತಾನೇ ನೋಡಿದಳು.