ಏರು ಹತ್ತದ ಗಾಡಿ

ವಾಡಿ ಸ್ಟೇಶನ್ನಿನ ಮುಂದಿನ ಕಾರ್ ಸ್ಟ್ಯಾಂಡಿನಲ್ಲಿ ಆ ವರ್ಷ ಒಂದು ಮಾತು ಹುಟ್ಟಿಕೊಂಡಿತು. ಹಣಮಂತರಾಯನ ಕೈ ಹಳೆಯ ಜೀಪಿಗೆ ಸರಿ, ಈಗಿನ ಗಾಡಿಗೆ ನಡೆಯುವುದಿಲ್ಲ ಎಂಬುದೇ ಆ ಮಾತು. ಮೊದಲು ಯಾರು ಆಡಿದರೋ ಗೊತ್ತಿಲ್ಲ. ಚಹಾದಂಗಡಿಯಲ್ಲಿ ಕುಳಿತವರ ಬಾಯಿಂದ ಬಾಯಿಗೆ ಹೋಗಿ, ಕಡೆಗೆ ಹಣಮಂತರಾಯನ ಗ್ಯಾರೇಜಿಗೂ ಬಂತು. ಅವನು ಕೇಳಿ ಕೆಲಸ ಮುಂದುವರಿಸಿದ, ಆದರೆ ಮನಸ್ಸಿನಿಂದ ತೆಗೆದುಹಾಕಲಿಲ್ಲ. ಸ್ಟ್ಯಾಂಡಿನ ಗಾಡಿಗಳೇ ಅವನ ಅನ್ನ. ಅವು ಕಲಬುರಗಿಯ ದೊಡ್ಡ ಶೋರೂಮಿನ ದಾರಿ ಹಿಡಿದರೆ ತನ್ನ ಷಟರ್ ಕೆಳಗೆ ಬಂದಂತೆಯೇ ಎಂಬುದು ಅವನಿಗೆ ಯಾರೂ ಹೇಳಿಕೊಡಬೇಕಾದ ಮಾತಾಗಿರಲಿಲ್ಲ.

ಗ್ಯಾರೇಜು ಚಿತ್ತಾಪುರ ರಸ್ತೆಯ ಮೇಲೆ. ತಗಡಿನ ಸೂರು, ನೆಲಕ್ಕೆ ಫರಸಿ ಕಲ್ಲು, ಆ ಕಲ್ಲು ಎಣ್ಣೆ ಕುಡಿದು ಕುಡಿದು ಕರ್ರಗಾಗಿತ್ತು. ಹಣಮಂತರಾಯ ಸಾಲಿ ಬಿಟ್ಟದ್ದು ಸಣ್ಣವನಿದ್ದಾಗ. ಕೆಲಸ ಕಲಿತದ್ದು ಶಹಾಬಾದಿನ ಮಶಾಕ ಉಸ್ತಾದರ ಕೈಕೆಳಗೆ. ಉಸ್ತಾದರು ಹೇಳಿಕೊಡುತ್ತಿರಲಿಲ್ಲ, ಮಾಡುತ್ತಿದ್ದರು. ನೋಡಿದವನು ಕಲಿಯಬೇಕು, ನೋಡದವನು ಬೈಗುಳ ತಿನ್ನಬೇಕು. ಉದ್ದನೆಯ ಪೇಚಕಸ್ಸನ್ನು, ಅಂದರೆ ಸ್ಕ್ರೂಡ್ರೈವರನ್ನು, ಇಂಜಿನ್ನಿಗೆ ಹಚ್ಚಿ, ಅದರ ಹಿಡಿಕೆಗೆ ಕಿವಿ ಕೊಟ್ಟು, ಯಾವ ಸಿಲಿಂಡರ್ ನರಳುತ್ತಿದೆ ಎಂದು ಹೇಳುವುದನ್ನು ಅವನು ಹಾಗೆ ನೋಡಿಯೇ ಕಲಿತಿದ್ದ.

ಇನ್ನೊಂದು ಪಾಠವನ್ನೂ ಕಲಿತಿದ್ದ. ಈ ಸೀಮೆಯೆಲ್ಲ ಕಲ್ಲಿನ ಖಣಿ, ಸಿಮೆಂಟಿನ ಕಾರ್ಖಾನೆ. ರಸ್ತೆಯ ಮೇಲೆ ಬಿಳಿ ಧೂಳು ಹಿಟ್ಟಿನಂತೆ ಹಾರುತ್ತಿರುತ್ತದೆ. ಆ ಧೂಳು ಇಂಜಿನ್ನಿನೊಳಗೆ ಹೋದರೆ ಪಿಸ್ಟನ್ನು ತಿಂದುಹಾಕುತ್ತದೆ. ಅದಕ್ಕೇ ಮಶಾಕ ಉಸ್ತಾದರು ಯಾವ ಗಾಡಿ ಬಂದರೂ ಅದರ ಏರ್ ಫಿಲ್ಟರಿಗೆ ಹಳೆಯ ಸೀರೆಯ ತುಂಡೊಂದನ್ನು ಸುತ್ತಿ ಕಟ್ಟಿಯೇ ಕಳಿಸುತ್ತಿದ್ದರು. ಹಣಮಂತರಾಯನೂ ಹಾಗೇ ಮಾಡುತ್ತ ಬಂದ. ಹೆಂಡತಿ ಮಹಾದೇವಮ್ಮನ ಸವೆದ ಸೀರೆಗಳೆಲ್ಲ ವಾಡಿಯ ಗಾಡಿಗಳ ಹೊಟ್ಟೆ ಸೇರಿದ್ದವು. ಇದು ಅವನೊಬ್ಬನ ರೂಢಿಯಲ್ಲ, ರಾವೂರಿನಿಂದ ಶಹಾಬಾದಿನವರೆಗೆ ಎಲ್ಲ ಮಿಸ್ತ್ರಿಗಳ ರೂಢಿ. ಕಟ್ಟದೆ ಬಿಟ್ಟರೆ ಗಿರಾಕಿಯೇ ಕೇಳಿ ಕಟ್ಟಿಸಿಕೊಳ್ಳುತ್ತಿದ್ದ.

ಹೊಸ ಗಾಡಿಗಳು ಬರಲು ಶುರುವಾದ ಮೇಲೆ ಅವನು ಲುಂಬಿನಿಯನ್ನು ಕೆಲಸಕ್ಕೆ ಕರೆದುಕೊಂಡ. ರಾವೂರಿನ ದೇವಿಂದ್ರಪ್ಪನ ಮಗಳು. ದೇವಿಂದ್ರಪ್ಪ ಖಣಿಯ ಕಲ್ಲು ಹೊರುವ ಟ್ರ್ಯಾಕ್ಟರ್ ಹೊಡೆಯುವವನು. ಮಗಳು ಐಟಿಐ ಸೇರಿ ಮೋಟಾರ್ ಮೆಕ್ಯಾನಿಕ್ ಕಲಿತು, ಕಲಬುರಗಿಯಲ್ಲಿ ಸ್ವಲ್ಪ ದಿನ ಕೆಲಸ ಮಾಡಿ, ಅಲ್ಲಿ ಬರೀ ಆಯಿಲ್ ಬದಲಿಸುವುದಕ್ಕೇ ನಿಲ್ಲಿಸಿದರೆಂದು ಬಿಟ್ಟು ಬಂದಿದ್ದಳು. ಫೋನಿಗೆ ಜೋಡಿಸುವ ಸಣ್ಣ ಸ್ಕ್ಯಾನರ್ ಒಂದು ಅವಳ ಹತ್ತಿರ ಇತ್ತು. ಅದನ್ನು ಸ್ಟಿಯರಿಂಗಿನ ಕೆಳಗೆ ಚುಚ್ಚಿದರೆ ಗಾಡಿಯ ರೋಗ ಫೋನಿನಲ್ಲಿ ಮೂಡುತ್ತಿತ್ತು.

“ನಿನ್ನ ಡಬ್ಬಿಗೆ ಕಿವಿ ಅದಾವೇನು?” ಎಂದು ಹಣಮಂತರಾಯ ಮೊದಲ ದಿನವೇ ಕೇಳಿದ್ದ.

“ಕಿವಿ ಇಲ್ರಿ ಕಾಕಾ. ನಿಮ್ಮ ಪೇಚಕಸ್‌ಗೆ ಕಣ್ಣ ಅದಾವೇನು?” ಎಂದಿದ್ದಳು ಅವಳು.

ಆಗಿನಿಂದ ಇಬ್ಬರಿಗೂ ಅದೇ ಜಗಳ, ಅದೇ ನಗೆ.

ಶ್ರಾವಣದಲ್ಲಿ ದಶರಥನ ಗಾಡಿ ಬಂತು. ದಶರಥ ಸ್ಟ್ಯಾಂಡಿನ ಹಿರಿಯ ಡ್ರೈವರ್, ಹಳೆಯ ಜೀಪು ಮಾರಿ ಹೊಸ ಏಳು ಸೀಟಿನ ಡೀಸೆಲ್ ಗಾಡಿ ತಂದವರಲ್ಲಿ ಮೊದಲಿಗ. ಅವನ ಹಿಂದೆ ಉಳಿದವರೂ ಅಂಥದೇ ಗಾಡಿ ತಂದಿದ್ದರು. ಅವನು ಎಲ್ಲಿ ರಿಪೇರಿಗೆ ಬಿಡುತ್ತಾನೋ ಅವರೂ ಅಲ್ಲೇ.

“ಉಸ್ತಾದ, ಗಾಡಿ ಎಮ್ಮಿ ಆಗ್ಯಾದ,” ಎಂದ ದಶರಥ. “ಸೇಡಂ ತನಕ ಹ್ಯಾಂಗರ ಹೋಗ್ತದ. ಚಿಂಚೋಳಿ ದಾಟಿ ಕುಂಚಾವರಂ ಏರು ಬಂತಂದ್ರ ಎಳೆಯಂಗಿಲ್ಲ. ಹಿಂದ ಕರ್ರನ ಹೊಗಿ. ಪ್ಯಾಸೆಂಜರ್ ಇಳ್ದು ನಡ್ಕೋತ ಹೋಗ್ಯಾರ, ನಾ ಒಬ್ಬನ ಗಾಡಿ ಹೊಡ್ಕೋತ ಹಿಂದ ಹೋಗೀನಿ. ಮದಿವಿ ಮಂದಿ. ಹೆಂಗಸರು ಬೈದ ಬೈಗಳ ಇನ್ನಾ ಕಿವ್ಯಾಗ ಅದಾವ.”

“ನೋಡೋಣ, ಕುಂದ್ರಿ.”

“ಕುಂದರ್ತೀನಿ. ಆದ್ರ ಒಂದು ಖರೆ ಮಾತು ಹೇಳ್ತೀನಿ, ಸಿಟ್ಟಿಗೇಳಬ್ಯಾಡ. ಸ್ಟ್ಯಾಂಡಿನವ್ರು ಎಲ್ಲಾರೂ ನನ್ನ ಗಾಡಿನ ನೋಡ್ಲಿಕತ್ಯಾರ. ಇದು ಇಲ್ಲಿ ಚಲೋ ಆತಂದ್ರ ಇಲ್ಲೇ ಇರ್ತಾರ. ಆಗಲಿಲ್ಲಂದ್ರ ಎಲ್ಲಾ ಕಲಬುರಗಿ. ನನಗೂ ತಡ್ಯಾಕ ಆಗಂಗಿಲ್ಲ.”

ಹಣಮಂತರಾಯ ತಲೆಯಾಡಿಸಿದ. ಹೇಳಬೇಕಾದ್ದನ್ನು ಮುಖದ ಮೇಲೆ ಹೇಳಿದವನ ಮೇಲೆ ಸಿಟ್ಟು ಮಾಡಲು ಆಗುವುದಿಲ್ಲ.

ಲುಂಬಿನಿ ಸ್ಕ್ಯಾನರ್ ಹಚ್ಚಿದಳು. ಒಳಗೆ ಹೋಗುವ ಗಾಳಿಯನ್ನು ಅಳೆಯುವ ಸೆನ್ಸರ್ ಗಾಳಿ ಕಡಿಮೆ ಎಂದು ಹೇಳುತ್ತಿದೆ, ಸೆನ್ಸರಿಗೇ ಹೊಲಸು ಹಿಡಿದಿರಬೇಕು ಎಂದಳು. ಹಣಮಂತರಾಯ ಪೇಚಕಸ್ ಹಚ್ಚಿ ಕೇಳಿ, ಇಂಜೆಕ್ಟರ್ ಡೀಸೆಲನ್ನು ಸರಿಯಾಗಿ ಉಗುಳುತ್ತಿಲ್ಲ, ಕರಿಯ ಹೊಗೆ ಅದಕ್ಕೇ ಎಂದ. ಇಬ್ಬರೂ ಬಿಡಲಿಲ್ಲ. ಕಡೆಗೆ ಎರಡನ್ನೂ ಮಾಡುವುದೆಂದಾಯಿತು. ಅವಳು ಫಿಲ್ಟರಿನ ಡಬ್ಬಿ ತೆರೆದಳು. ಬಟ್ಟೆಯ ಮೇಲೆ ಧೂಳು ಮಳೆಗಾಲದ ತೇವಕ್ಕೆ ಗಾರೆಯಂತೆ ಕಟ್ಟಿತ್ತು. ಅದನ್ನು ಬಿಚ್ಚಿ ಸಾಬೂನು ಹಚ್ಚಿ ತೊಳೆದು, ಹೊರಗಿನ ತಂತಿಯ ಮೇಲೆ ಒಣಗಲು ಹಾಕಿ, ಸೆನ್ಸರನ್ನು ಸ್ವಚ್ಛ ಮಾಡಿ ಕೂಡಿಸಿದಳು. ಹಣಮಂತರಾಯ ಇಂಜೆಕ್ಟರುಗಳನ್ನು ಬಿಚ್ಚಿ ತೊಳೆದು ಕೂಡಿಸಿದ.

ಇಬ್ಬರೂ ಕೂಡಿ ಶಹಾಬಾದ್ ರಸ್ತೆಯಲ್ಲಿ ಟ್ರಯಲ್ ಹೋದರು. ಗಾಡಿ ಕುದುರೆಯಂತೆ ಓಡಿತು.

“ನೋಡಿದ್ಯಾ? ಇಂಜೆಕ್ಟರ್,” ಎಂದ ಅವನು.

“ಹೌದ್ರಿ, ಸೆನ್ಸರ್,” ಎಂದಳು ಅವಳು.

ಬಂದ ಮೇಲೆ ತಂತಿಯ ಮೇಲಿನ ಬಟ್ಟೆಯನ್ನು ಅವಳೇ ತೆಗೆದು, ಧೂಳು ಭಾಳ ಅದ ಎಂದು ನಾಲ್ಕು ಮಡಿಕೆ ಮಾಡಿ, ಬಿಗಿಯಾಗಿ ಸುತ್ತಿ ಕಟ್ಟಿದಳು. ಗಂಟು ಸರಿ ಇದೆಯೇ ಎಂದು ಹಣಮಂತರಾಯ ಎಳೆದು ನೋಡಿದ. ದಶರಥ ನಗುತ್ತ ಗಾಡಿ ಒಯ್ದ.

ಮರುದಿನ ಮಧ್ಯಾಹ್ನ ಅವನು ತಿರುಗಿ ಬಂದಾಗ ನಗು ಇರಲಿಲ್ಲ. ಮಳೆಯಲ್ಲಿ ಕುಂಚಾವರಂ ಏರಿನ ಅರ್ಧಕ್ಕೇ ಗಾಡಿ ಕೂತಿತ್ತು. ಕಾಡಿನ ನಡುವೆ ಬಾಣಂತಿಯೊಬ್ಬಳು ಕೂಸು ಎತ್ತಿಕೊಂಡು ಹಿಂದೆ ಬಂದ ಟ್ರ್ಯಾಕ್ಟರ್ ಹತ್ತಿ ಹೋದಳಂತೆ.

“ಉಸ್ತಾದ, ಇದ ಏನ್ ರಿಪೇರಿ? ಇಲ್ಲಿ ಓಡ್ತದ, ಅಲ್ಲಿ ಕುಂದರ್ತದ. ಗಾಡಿ ಊರ ನೋಡಿ ಓಡ್ತದೇನು?”

ದಶರಥ ತನ್ನ ಫೋನು ತೋರಿಸಿದ. ಸ್ಟ್ಯಾಂಡಿನವರು ತಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ಆಗಲೇ ಕಲಬುರಗಿಗೆ ಹೋಗುವ ಮಾತು ಬರೆದಿದ್ದರು.

“ನಾಳಿ ತನಕ ನಾ ಅವರನ್ನ ತಡೀತೀನಿ. ಅದರ ಮ್ಯಾಲ ಕೇಳಬ್ಯಾಡ,” ಎಂದು ಹೇಳಿ ಅವನು ಗಾಡಿ ಬಿಟ್ಟು ಹೋದ.

ಅವನು ಅತ್ತ ಹೋದದ್ದೇ ತಡ, ಇತ್ತ ಶುರುವಾಯಿತು.

“ನಿನ್ನ ಸೆನ್ಸರ್ ತೊಳದದ್ದು ನೆಟ್ಟಗಾಗಿಲ್ಲ,” ಎಂದ ಹಣಮಂತರಾಯ.

“ನಿಮ್ಮ ಇಂಜೆಕ್ಟರ್ ನೆಟ್ಟಗ ಆಗ್ಯಾವೇನ್ರಿ?”

“ನಾ ಈ ಕೆಲಸ ಹಿಡ್ದಾಗ ನಿಮ್ಮಪ್ಪಗ ಮೀಸಿ ಬಂದಿದ್ದಿಲ್ಲ.”

“ನಮ್ಮಪ್ಪನ ಮೀಸಿ ಗಾಡಿ ಎಳೆಯಂಗಿಲ್ರಿ ಕಾಕಾ. ಅದನ್ನ ಬಿಡ್ರಿ. ಕಂಪನಿ ಸೆನ್ಸರ್ ಹೊಸದು ತರಸೋಣ.”

“ತರಸಿ ಹಾಕಿದ ಮ್ಯಾಲೂ ಆಗಲಿಲ್ಲಂದ್ರ?”

ಇಬ್ಬರ ಹತ್ತಿರವೂ ಬೇರೆ ಉಪಾಯವಿರಲಿಲ್ಲ. ಎಲ್ಲಿಂದ ಶುರು ಮಾಡಿದ್ದರೋ ಅಲ್ಲಿಂದಲೇ ಮತ್ತೆ ಶುರು ಮಾಡಿದರು. ಲುಂಬಿನಿ ಡಬ್ಬಿ ತೆರೆದು, ಬಟ್ಟೆ ಬಿಚ್ಚಿದಳು. ಅದು ಒದ್ದೆಯಾಗಿ, ಧೂಳು ಕುಡಿದು, ಹಲಗೆಯಂತೆ ಬಿರುಸಾಗಿತ್ತು. ಒಂದೇ ದಿನಕ್ಕೆ ಇಷ್ಟೊಂದು ಧೂಳೇ ಎಂದುಕೊಳ್ಳುತ್ತ ಮತ್ತೆ ತೊಳೆದು ತಂತಿಗೆ ಹಾಕಿದಳು.

ಅಷ್ಟರಲ್ಲಿ ಮಹಾದೇವಮ್ಮ ಬುತ್ತಿ ತಂದಳು. ರೊಟ್ಟಿ, ಪುಂಡಿಪಲ್ಯ. ಬುತ್ತಿ ಇಡುವ ಮೊದಲೇ ತಂತಿಯ ಕಡೆ ನೋಡಿದಳು.

“ಮತ್ತ ನನ್ನ ಸೀರಿ ಹೊರಗ ಹಾಕೀರೇನು? ನಿನ್ನಿ ನೀವಿಬ್ಬರೂ ಗಾಡಿ ತಗೊಂಡು ಶಹಾಬಾದ್ ಕಡಿ ಹ್ವಾದಾಗೂ ಇಲ್ಲೇ ಜೋತಾಡ್ಲಿಕತ್ತಿತ್ತು. ಮದಿವ್ಯಾಗ ಉಟ್ಟ ಸೀರಿ ಅದು. ಹಾದಿ ಹಿಡದ ಹೋಗವ್ರೆಲ್ಲ ನೋಡ್ಕೋತ ಹೋಗ್ಲಿಕತ್ಯಾರ. ಹಿಂದ ಹಾಕಬಾರದೇನು?”

ಹಣಮಂತರಾಯ ಕೈ ಒರೆಸಿಕೊಳ್ಳುವ ಚಿಂದಿಯನ್ನು ಹಾಗೇ ಹಿಡಿದು ನಿಂತ. ಲುಂಬಿನಿ ಅವನ ಕಡೆ ನೋಡಿದಳು. ಅವನು ತಂತಿಯ ಕಡೆ ನೋಡಿದ. ತಾನೇನೋ ತಪ್ಪು ಮಾತಾಡಿದೆನೆಂದು ಮಹಾದೇವಮ್ಮ, “ಇರ್ಲಿ ಬಿಡ್ರಿ, ಹಳೀ ಸೀರಿ,” ಎಂದಳು.

“ಕಾಕಾ,” ಎಂದಳು ಲುಂಬಿನಿ ಮೆಲ್ಲಗೆ, “ಟ್ರಯಲ್‌ಗೆ ಹ್ವಾದಾಗ ಗಾಡ್ಯಾಗ ಬಟ್ಟಿ ಇದ್ದಿದ್ದಿಲ್ಲ.”

“ಕೇಳೀನಿ.”

ಅವನು ಫರಸಿಯ ಮೇಲೆ ಕುಳಿತ. ಇಷ್ಟು ವರ್ಷ ಎಷ್ಟು ಗಾಡಿಗೆ ಕಟ್ಟಿದ್ದಾನೋ ಲೆಕ್ಕವಿಲ್ಲ. ಜೀಪು, ಟೆಂಪೊ, ಲಾರಿ, ಯಾವುದೂ ಕೂತಿರಲಿಲ್ಲ. ಜೀಪು ಮೊದಲೇ ನಿಧಾನ. ಅದರ ಉಸಿರಿನಲ್ಲಿ ಸ್ವಲ್ಪ ಕಡಿಮೆಯಾದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಈ ಹೊಸ ಗಾಡಿ ಏರಿನಲ್ಲಿ ಎದೆ ತುಂಬ ಗಾಳಿ ಬೇಡುತ್ತದೆ. ಮಳೆಯಲ್ಲಿ ನೆಂದ ನಾಲ್ಕು ಮಡಿಕೆ ಸೀರೆಯೊಳಗಿಂದ ಅದು ಎಲ್ಲಿಂದ ಗಾಳಿ ತಂದೀತು?

“ಬಟ್ಟಿ ಇಲ್ದ ಗಾಡಿ ಬಿಟ್ರ ಮಶಾಕ ಉಸ್ತಾದ ಗೋರಿಯಿಂದ ಎದ್ದು ಬರ್ತಾರ,” ಎಂದ ಅವನು.

“ಬರ್ಲಿ. ಅವರಿಗೂ ಸ್ಕ್ಯಾನರ್ ತೋರಸ್ತೀನಿ.”

ಅವನಿಗೆ ನಗು ಬರಲಿಲ್ಲ. “ನಿಮ್ಮ ಸಾಲಿ ಪುಸ್ತಕದಾಗ ಇದು ಇದ್ದಿದ್ದಿಲ್ಲೇನು?”

“ಪುಸ್ತಕದಾಗ ಫಿಲ್ಟರ್ ಅದ, ಸೀರಿ ಇಲ್ರಿ. ಪುಸ್ತಕ ಬರದವ್ರು ರಾವೂರಕ್ಕ ಯಾವಾಗ ಬಂದಾರ?” ಎಂದಳು ಅವಳು. “ಗಾಳಿ ಕಡಿಮಿ ಅಂತ ಫೋನ್ ಚಂದಾಗಿ ಹೇಳಿತ್ತು. ನಾನ ಬಟ್ಟಿ ಕೈಲೆ ಹಿಡದೀನಿ, ತೊಳದೀನಿ, ನಾಕು ಮಡಿಕಿ ಮಾಡಿ ಕಟ್ಟೀನಿ. ಆದ್ರೂ ಕಣ್ಣಿಗಿ ಬೀಳಲಿಲ್ಲ. ನಮ್ಮಪ್ಪನ ಟ್ರ್ಯಾಕ್ಟರ್‌ಗೂ ಇರ್ತದಲ್ಲ, ಸಣ್ಣಾಕಿ ಇದ್ದಾಗಿಂದ ನೋಡೀನಿ. ಬಟ್ಟಿ ಅಂದ್ರ ಗಾಡಿದ ಒಂದು ಪಾರ್ಟ್ ಅಂತ ತಿಳಕೊಂಡಿದ್ದೆ.”

ಅವರು ಎರಡು ರೀತಿಯಲ್ಲೂ ನೋಡಿದರು. ತೊಳೆದ ಒದ್ದೆ ಬಟ್ಟೆ ಸುತ್ತಿ ಗಾಡಿ ಚಾಲೂ ಮಾಡಿ ರೇಸ್ ಕೊಟ್ಟರೆ ಫೋನಿನಲ್ಲಿ ಗಾಳಿಯ ಅಂಕಿ ಏಳಲಿಲ್ಲ. ಬಿಚ್ಚಿದರೆ ಎದ್ದಿತು. ಹಣಮಂತರಾಯ ಅಂಕಿ ನೋಡಲಿಲ್ಲ, ಪೇಚಕಸ್ ಹಚ್ಚಿ ಕೇಳಿದ. ಬಟ್ಟೆ ಇದ್ದಾಗ ಇಂಜಿನ್ನು ಮೂಗು ಹಿಡಿದುಕೊಂಡಂತೆ ಗೊರಗೊರ ಅನ್ನುತ್ತಿತ್ತು. ಆ ಸದ್ದನ್ನೇ ತಾನು ಇಂಜೆಕ್ಟರ್ ಎಂದು ತಿಳಿದಿದ್ದ.

“ಬಟ್ಟಿ ಬ್ಯಾಡ,” ಎಂದ. “ಧೂಳಿಗಿ ಏನ್ ಮಾಡ್ತಿ?”

“ಫಿಲ್ಟರ್ ಜಲ್ದಿ ಜಲ್ದಿ ಬದಲಿ ಮಾಡಬೇಕ್ರಿ. ಕಂಪನಿಯವ್ರು ಹೇಳಿದಷ್ಟು ದಿನ ಇಲ್ಲಿ ನಡ್ಯಂಗಿಲ್ಲ. ಎಷ್ಟು ದಿನಕ್ಕ ಅಂತ ನೀವ ಹೇಳ್ರಿ, ಇಲ್ಲಿ ಧೂಳು ನಿಮಗ ಗೊತ್ತು.”

ಮರುದಿನ ಬೆಳಿಗ್ಗೆ ದಶರಥ ಬಂದಾಗ ಹಣಮಂತರಾಯ ಶುಭ್ರ ಅಂಗಿ ಹಾಕಿಕೊಂಡು ನಿಂತಿದ್ದ.

“ಕುಂಚಾವರಂಕ್ಕ ನಾವೂ ಬರ್ತೀವಿ. ಗಾಡಿ ತುಂಬ ಮಂದಿ ಹಾಕ್ಕೊ. ಕುಂತ್ರ ಅಲ್ಲಿಂದ ಬಸ್ಸಿಗಿ ಬಂದು ಷಟರ್ ಎಳೀತೀನಿ.”

“ಮುಂಜಾನಿ ಮುಂಜಾನಿ ಅಂಥ ಮಾತ ಯಾಕ, ಉಸ್ತಾದ?” ಎಂದ ದಶರಥ. ಆದರೂ ಗಾಡಿ ತುಂಬಿಸಿದ. ಸೇಡಮ್ಮಿನಲ್ಲಿ ಕೆಲವರು, ಚಿಂಚೋಳಿಯಲ್ಲಿ ಕೆಲವರು ಹತ್ತಿದರು. ಹಣಮಂತರಾಯ ಮುಂದೆ ಕುಳಿತ. ಲುಂಬಿನಿ ಹಿಂದೆ, ತೆಲುಗಿನಲ್ಲಿ ಮಾತಾಡುವ ಇಬ್ಬರು ಹೆಂಗಸರ ನಡುವೆ, ತೊಡೆಯ ಮೇಲೆ ಯಾರದೋ ಬದನೆಕಾಯಿ ಚೀಲ.

ಮಳೆ ಹನಿಯುತ್ತಿತ್ತು. ಕಾಡು ಶುರುವಾಯಿತು, ಏರು ಬಂತು. ದಶರಥ ಗೇರು ಬದಲಿಸಿದ. ಗಾಡಿ ಒಂದು ಸಲ ಕೆಮ್ಮಿದಂತೆ ಮಾಡಿ, ಆಮೇಲೆ ಎಳೆಯಿತು. ಬಾಣಂತಿ ಇಳಿದ ತಿರುವು ದಾಟಿತು. ಮದುವೆಯವರು ಇಳಿದ ಜಾಗವೂ ದಾಟಿತು. ದಶರಥ ಕನ್ನಡಿಯಲ್ಲಿ ಹಿಂದೆ ಹೊಗೆ ನೋಡುತ್ತಿದ್ದ. ಹೊಗೆ ಇರಲಿಲ್ಲ. ಮೇಲೆ ಬಂದ ಮೇಲೆ ಅವನು ಗಾಡಿಯನ್ನು ರಸ್ತೆಯ ಪಕ್ಕಕ್ಕೆ ಹಚ್ಚಿ, ಸ್ಟ್ಯಾಂಡಿಗೆ ಫೋನು ಮಾಡಿ ಸ್ಪೀಕರ್ ಹಾಕಿದ. ಆ ಕಡೆ ಅಂಬರಾಯ ಎಂಬ ಡ್ರೈವರ್ ಇದ್ದ.

“ಹತ್ತಿತೇನೋ?”

“ಹತ್ತೇದ.”

“ಅಂದ್ರ ಏನಾಗಿತ್ತು?”

ದಶರಥ ಹಣಮಂತರಾಯನ ಮುಖ ನೋಡಿದ. ಅವನಿಗೆ ದಾರಿಯಲ್ಲಿ ಎಲ್ಲವನ್ನೂ ಹೇಳಿಯಾಗಿತ್ತು. ಸೆನ್ಸರ್ ಕೆಟ್ಟಿತ್ತು ಎಂದರೆ ಅಲ್ಲಿಗೇ ಮುಗಿಯುತ್ತಿತ್ತು, ಕೇಳಿದವನು ನಂಬುತ್ತಿದ್ದ. ಆದರೆ ಸ್ಟ್ಯಾಂಡಿನ ಉಳಿದ ಗಾಡಿಗಳ ಒಳಗೂ ಅದೇ ಗಂಟು ಕುಳಿತಿತ್ತು. ಹಣಮಂತರಾಯ ಫೋನು ಇಸಿದುಕೊಂಡ.

“ಅಂಬರಾಯ, ಬಟ್ಟಿ ಕಟ್ಟಿದ್ದೇ ಬ್ಯಾನಿ ಆಗ್ಯಾದ. ಇಂಥ ಗಾಡಿಗಿ ಬಟ್ಟಿ ನಡ್ಯಂಗಿಲ್ಲ. ನಿಮ್ಮ ಎಲ್ಲಾರ ಗಾಡಿಗೂ ನಾನ ಕಟ್ಟೀನಿ. ನಾಳಿ ತರ್ರಿ, ಬಿಚ್ಚಿ ಕೊಡ್ತೀವಿ.”

ಆ ಕಡೆ ಯಾರೋ ನಕ್ಕರು. ಇನ್ನೊಬ್ಬ ಯಾರೋ, “ತಾನ ಕಟ್ಟಿ ತಾನ ಬಿಚ್ಚತಾನಂತ, ಮತ್ತ ಉಸ್ತಾದ!” ಎಂದ. ಇದೂ ಸ್ಪಷ್ಟವಾಗಿ ಕೇಳಿಸಿತು. ಹಣಮಂತರಾಯ ಫೋನನ್ನು ಹಿಡಿದೇ ಇದ್ದ. ಅಂಬರಾಯ ಯಾರನ್ನೋ ಗದರಿಸಿ ಸುಮ್ಮನಾಗಿಸಿದ.

“ಕಲಬುರಗಿಗಿ ಒಯ್ದಿದ್ರ ಅವ್ರಿಗಿ ಈ ಬಟ್ಟಿ ತಿಳೀತಿತ್ತೇನು?” ಎಂದು ಕೇಳಿದ ಅಂಬರಾಯ.

ಲುಂಬಿನಿ ಹಿಂದಿನಿಂದಲೇ ಕೂಗಿದಳು. “ತಿಳೀತಿತ್ರಿ ಅಣ್ಣಾ. ಡಬ್ಬಿ ತೆರದ ಕೂಡ್ಲೆ ಬಿಚ್ಚಿ ಒಗೀತಿದ್ರು. ಅವ್ರು ಇಲ್ಲಿ ಧೂಳು ಕಂಡವ್ರಲ್ಲ, ಫಿಲ್ಟರ್ ಎಷ್ಟು ದಿನಕ್ಕ ಬದಲಿ ಮಾಡಬೇಕಂತ ಹೇಳ್ತಿದ್ದಿಲ್ಲ.”

ಹಣಮಂತರಾಯ ತಿರುಗಿ ಅವಳನ್ನು ನೋಡಿದ. ಬೇಕಾಗಿರದ ಮಾತು, ಆದರೆ ಸುಳ್ಳಲ್ಲ.

ಫೋನಿನಲ್ಲಿ, ಸ್ಟೇಶನ್ನಿನ ಗದ್ದಲದ ನಡುವೆ, ಅಂಬರಾಯನ ದನಿ ಬಂತು. “ಎಲ್ಲಾರೂ ಒಮ್ಮಿಗೇ ಬಂದ್ರ ಸ್ಟ್ಯಾಂಡ್ ಯಾರ ನೋಡ್ಬೇಕ್ರಿ, ಉಸ್ತಾದ? ಪಾಳಿ ಹಚ್ರಿ. ಮದ್ಲ ನಂದು. ಎರಡನೇದು ರೇವಣಪ್ಪಂದು, ಅವಂದೂ ಹೊಗಿ ಬಿಡ್ಲಿಕತ್ತದ, ನಾಚಿಕಿಗಿ ಹೇಳಿಲ್ಲ.”

“ಹೂಂ,” ಎಂದ ಹಣಮಂತರಾಯ. ಫೋನು ದಶರಥನಿಗೆ ಕೊಟ್ಟು, ಬಾಗಿಲು ತೆರೆದು ಇಳಿದು, ಕಾಡಿನ ಕಡೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತ. ಹಿಂದಿನ ಸೀಟಿನ ಹೆಂಗಸು ತೆಲುಗಿನಲ್ಲಿ, ಗಾಡಿ ಚೆನ್ನಾಗಿದೆಯಲ್ಲ, ಮತ್ತೇಕೆ ನಿಂತಿದೆ ಎಂದು ಬೈಯತೊಡಗಿದಳು. ಅವನು ಬಂದು ಹತ್ತಿ ಕುಳಿತ. ದಶರಥ ಗಾಡಿ ಬಿಟ್ಟ.