ತುಳಿಯದ ಸೈಕಲ್ಲು

"ಇಳಿಯೋ ಬೋಳಿಮಗನೆ! ನಮ್ ಜಗಲಿ ಮುಂದೇನೇ ಸೈಕಲ್ ತುಳಿತೀಯಾ?"

ಪಟೇಲ ಮಹಾಲಿಂಗಪ್ಪನ ಬಾಯಲ್ಲಿ ಬೇವಿನ ಕಡ್ಡಿ ಹಾಗೇ ಇತ್ತು. ಸೊಣ್ಣಪ್ಪ ಬ್ರೇಕು ಹಿಡಿಯುವಷ್ಟರಲ್ಲಿ ಸೈಕಲ್ಲು ಜಗಲಿ ದಾಟಿ ಎರಡು ಮಾರು ಮುಂದೆ ಹೋಗಿಬಿಟ್ಟಿತ್ತು. ಅವನ ತಪ್ಪು ಅಷ್ಟೇ, ಎರಡು ಮಾರು.

ಕೇರಿಯಿಂದ ಕೊಡಿಗೇಹಳ್ಳಿ ರೈಲುಗೇಟಿಗೆ ಹೋಗಲು ಇದ್ದದ್ದು ಅದೊಂದೇ ದಾರಿ. ಕೇರಿಯವರು ಯಾರೇ ಬರಲಿ, ಪಟೇಲರ ಜಗಲಿ ಬಂದೊಡನೆ ಸೈಕಲ್ಲಿನಿಂದ ಇಳಿದು, ಹೆಗಲ ಟವೆಲ್ಲನ್ನು ಕಂಕುಳಿಗೆ ಸೇರಿಸಿ, ತಳ್ಳಿಕೊಂಡು ಹೋಗಬೇಕು. ಸೊಣ್ಣಪ್ಪ ಇಪ್ಪತ್ತು ವರ್ಷ ಹಾಗೇ ಹೋದವನು. ಆದರೆ ಅಂದು ಹಿಂದೆ ಕ್ಯಾರಿಯರ್ ಮೇಲೆ ಹೆಂಡತಿ ಮಾರಕ್ಕ ಕುಳಿತಿದ್ದಳು. ಕಲ್ಲುಕೋರೆಯಲ್ಲಿ ಬಂಡೆಯುರುಳಿ ಜಜ್ಜಿದ ಅವಳ ಪಾದ ಮಾಯುತ್ತಲೇ ಇರಲಿಲ್ಲ. ವಾರಕ್ಕೆರಡು ಸಲ ಯಶವಂತಪುರದ ಆಸ್ಪತ್ರೆಗೆ ಹೋಗಿ ಕಟ್ಟು ಬದಲಿಸಬೇಕು. ಹತ್ತು ಹೆಜ್ಜೆ ನಡೆದರೂ ಹುಣ್ಣು ಮತ್ತೆ ಬಾಯಿ ಬಿಡುತ್ತಿತ್ತು.

ಪಟೇಲರು ಇಬ್ಬರನ್ನೂ ಇಳಿಸಿದರು. ಸೈಕಲ್ಲನ್ನು ಸೊಣ್ಣಪ್ಪನ ತಲೆಯ ಮೇಲೆ ಹೊರಿಸಿದರು. ಮಾರಕ್ಕ ಗೋಡೆ ಹಿಡಿದು ಕುಂಟಿದಳು. ಅವಳ ಹಿಂದೆ ಮಣ್ಣಿನಲ್ಲಿ ಒದ್ದೆ ಗುರುತು ಬಿತ್ತು.

ಅಷ್ಟಕ್ಕೂ ತೃಪ್ತಿಯಾಗದೆ, ಅಂದು ಸಂಜೆ ಮಾರಮ್ಮನ ಗುಡಿಯ ಹೊರಗೆ ಆಣೆ ಮಾಡಿಸಿದರು. ಪೂಜಾರಿ ಸಿದ್ರಾಮಪ್ಪ ಕರ್ಪೂರ ಹಚ್ಚಿ, ಮಾತು ಚೆನ್ನಾಗಿರಲೆಂದು ತನ್ನದೂ ಒಂದಿಷ್ಟು ಸೇರಿಸಿ ಹೇಳಿಕೊಟ್ಟ: "ಪಟೇಲರ ಅಪ್ಪಣೆ ಇಲ್ದೆ, ಅವರ ಜಗಲಿ ಮುಂದೆ, ನಾನು ಸೈಕಲ್ ತುಳಿಯಾಕಿಲ್ಲ." ಸೊಣ್ಣಪ್ಪ ಮೂರು ಸಲ ಹೇಳಿದ.

ಅವನು ದೈವಭಕ್ತ. ಚಿಕ್ಕಂದಿನಿಂದ ಗುಡಿಯ ಗೋಡೆಯಾಚೆ ಕುಳಿತು, ಒಳಗೆ ಹಾಡಿದ ಪದ, ಓದಿದ ಕಾವ್ಯ ಎಲ್ಲವನ್ನೂ ಕಿವಿಯಲ್ಲಿ ತುಂಬಿಕೊಂಡವನು. ಅಲ್ಲಿ ಕೇಳಿ ಕೇಳಿ ಒಂದು ವಿಷಯ ಅವನಿಗೆ ಮನದಟ್ಟಾಗಿತ್ತು: ವರ ಕೊಟ್ಟವರೂ ಶಾಪ ಕೊಟ್ಟವರೂ ಕೊನೆಗೆ ಸಿಕ್ಕಿಬೀಳುವುದು ತಮ್ಮ ಮಾತಿನ ಸಂದಿಯಲ್ಲೇ.

"ತುಳಿಯಾಕಿಲ್ಲ ಅಂದಿವ್ನಿ," ಎಂದ ಮನೆಯಲ್ಲಿ. "ಕುಂದರಾಕಿಲ್ಲ ಅಂದಿಲ್ಲ."

"ತುಳೀದೆ ಇದ್ರೆ ಸೈಕಲ್ಲು ಏನು, ನಿನ್ ಪುರಾಣ ಕೇಳ್ಕಂಡು ಓಗ್ತದಾ?" ಎಂದಳು ಮಾರಕ್ಕ.

ಸೊಣ್ಣಪ್ಪ ದುಡಿಯುತ್ತಿದ್ದದ್ದು ಯಶವಂತಪುರದಲ್ಲಿ, ದಸ್ತಗೀರನ ಬ್ಯಾಟರಿ ಅಂಗಡಿಯಲ್ಲಿ. ಅವನ ಅಂಗಿಯಲ್ಲಿ ಆಸಿಡ್ಡು ತಿಂದ ತೂತುಗಳೇ ಹೆಚ್ಚು, ಬಟ್ಟೆ ಕಡಿಮೆ. ಮಾರನೆಯ ದಿನ ಅವನು ಗುಜರಿಯ ರಾಶಿಯಿಂದ ಕಾರಿನ ಹಳೇ ಡೈನಮೊ ಒಂದನ್ನು ಎಳೆದು ತಂದು ದಸ್ತಗೀರನ ಮುಂದಿಟ್ಟ.

"ಸೈಕಲ್‌ಗೆ ಕರೆಂಟಾ?" ದಸ್ತಗೀರ ಗಡ್ಡ ಕೆರೆದುಕೊಂಡ. "ಅರೇ ಸೊಣ್ಣಪ್ಪ, ಕಾಲ್ ಆಡಿಸ್ದೆ ಓಡ್ಬೇಕು ಅಂದ್ರೆ ಒಂದ್ ಕುದ್ರೆ ತಗೋಳಪ್ಪ."

"ಕುದ್ರೆ ಮ್ಯಾಲೆ ಕುಂತ್ರೆ ಕತ್ತೇ ತೆಗಿತಾರೆ ಭಾಯ್."

ದಸ್ತಗೀರ ನಕ್ಕ, ಆಮೇಲೆ ಅವನ ಮುಖ ನೋಡಿ ನಗು ನಿಲ್ಲಿಸಿದ. "ಡೈನಮೊ ಕರೆಂಟ್ ಕೊಡ್ತೈತೆ. ಅದುಕ್ಕೇ ಕರೆಂಟ್ ಕೊಟ್ರೆ ಅದೇ ತಿರುಗ್ತೈತೆ. ಹಿಡಿ ಸ್ಪ್ಯಾನರ್ರು."

ನಾಲ್ಕು ಭಾನುವಾರ ಹಿಡಿಯಿತು. ಡೈನಮೊದ ಚಕ್ರಕ್ಕೆ ಹಳೇ ಟಯರಿನ ರಬ್ಬರು ಸುತ್ತಿ, ಹಿಂದಿನ ಗಾಲಿಗೆ ಒತ್ತಿಕೊಂಡಿರುವಂತೆ ಕಟ್ಟಿದರು. ಅದು ತಿರುಗಿದರೆ ಗಾಲಿಯೂ ತಿರುಗುತ್ತಿತ್ತು. ಸೀಟಿನ ಕೆಳಗಿನ ಸಂದಿಯಲ್ಲಿ ಬ್ಯಾಟರಿ ಕೂತಿತು. ಹ್ಯಾಂಡಲಿಗೆ ಮನೆದೀಪದ ಕರೀ ಸ್ವಿಚ್ಚು.

ಸೋಮವಾರ ಬೆಳಿಗ್ಗೆ ಊರು ಜೇನುಹುಳದಂಥ ಒಂದು ಸದ್ದು ಕೇಳಿತು. ಸೊಣ್ಣಪ್ಪ ಎರಡೂ ಕಾಲನ್ನು ಪಕ್ಕಕ್ಕೆ ಚಾಚಿಕೊಂಡು, ನೆಟ್ಟಗೆ ಕುಳಿತು, ಮದುವಣಿಗನ ಗಾಂಭೀರ್ಯದಿಂದ ಜಗಲಿಯ ಮುಂದೆ ಬಂದ. ಹಿಂದೆ ಮಾರಕ್ಕ, ಕಟ್ಟು ಹಾಕಿದ ಪಾದವನ್ನು ಇಳಿಬಿಟ್ಟು.

"ಲೇ! ಆಣೆ ಏನಾಯ್ತೋ ಸೂಳೆಮಗನೆ?"

"ತುಳಿತಿಲ್ಲ ಬುದ್ಧಿ! ಕಾಲು ನೋಡಿ, ಕಾಲು!"

ಪಟೇಲರು ಕಾಲು ನೋಡಿದರು. ಗಾಳಿಯಲ್ಲಿತ್ತು. ಪೆಡಲ್ಲು ನೋಡಿದರು. ಅಲ್ಲಾಡುತ್ತಿರಲಿಲ್ಲ. ಅಷ್ಟರಲ್ಲಿ ಸೈಕಲ್ಲು ಗುಂಯ್‌ಗುಡುತ್ತ ಹುಣಸೆಮರ ದಾಟಿತು. ಅವರು ಜಗಲಿಯ ಅಂಚಿನಲ್ಲಿ ನಿಂತಿದ್ದ ಪೂಜಾರಿಯ ಕಡೆ ತಿರುಗಿದರು.

"ಲೆಕ್ಕಕ್ಕೆ... ಆಣೆ ಕೆಟ್ಟಂಗಿಲ್ಲ," ಎಂದ ಸಿದ್ರಾಮಪ್ಪ.

"ನೀನೇನ್ ಪೂಜಾರಿನೋ, ಅವನ ವಕೀಲನೋ?"

ಎರಡು ವಾರ ಕೇರಿಯಲ್ಲಿ ಬೇರೆ ಮಾತೇ ಇರಲಿಲ್ಲ. ಮಾರಕ್ಕನ ಹುಣ್ಣಿಗೆ ಹೊಸ ಚರ್ಮ ಬರತೊಡಗಿತ್ತು. ಆಸ್ಪತ್ರೆಯ ನರ್ಸಮ್ಮ ಕೂಡ, ಈಗ ನಡೆದು ಕೆಡಿಸಿಕೊಂಡರೆ ಪಾದವೇ ಹೋದೀತು ಎಂದು ಗದರಿಸಿ ಕಳಿಸಿದ್ದಳು.

ಮೂರನೆಯ ಸೋಮವಾರ, ಸರಿಯಾಗಿ ಜಗಲಿಯ ಎದುರಿಗೆ, ಜೇನುಹುಳದ ಸದ್ದು ಸಣ್ಣಗಾಯಿತು. ನೊಣದಷ್ಟಾಯಿತು. ನಿಂತಿತು. ಸೊಣ್ಣಪ್ಪ ಸ್ವಿಚ್ಚು ಒತ್ತಿದ, ಮತ್ತೆ ಒತ್ತಿದ. ಬಿದ್ದುಹೋಗದಂತೆ ಒಂದು ಕಾಲು ನೆಲಕ್ಕೆ ಕೊಟ್ಟ.

ಪಟೇಲರು ನಗುತ್ತಾ, ಕೋಲು ಹಿಡಿದು ಕೆಳಗಿಳಿದು ಬಂದರು. ಇಬ್ಬರು ಆಳುಗಳೂ ಬಂದರು. ತೀರ್ಥದ ಚೊಂಬು ಹಿಡಿದ ಪೂಜಾರಿ ಜಗಲಿಯ ಅಂಚಿನಲ್ಲೇ ನಿಂತ.

"ಏನ್ಲೇ ಸೊಣ್ಣ, ನಿನ್ ಕರೆಂಟು ವಾಪಸ್ ಕಂಬಕ್ಕೋಯ್ತಾ? ಇಳಿರಿ ಇಬ್ರೂ."

ಸೊಣ್ಣಪ್ಪನಿಗೆ ಬೆನ್ನ ಮೇಲೆ ಮಾರಕ್ಕನ ಅಂಗೈ ತಾಕಿತು. ಅದು ತಣ್ಣಗಿತ್ತು.

"ಇವಳು ಇಳಿಯಂಗಿಲ್ಲ ಬುದ್ಧಿ. ಕಾಲು ಓಯ್ತದೆ."

"ಇಳಿಯಂಗಿಲ್ವಾ? ಕರೆಂಟೂ ಇಲ್ಲ, ಇಳಿಯದೂ ಇಲ್ಲ. ಮತ್ತೇನ್ ಮಾಡ್ತೀಯ, ತುಳಿತೀಯಾ?" ಪಟೇಲರು ಕೋಲಿನಿಂದ ಪೆಡಲ್ಲನ್ನು ಕುಕ್ಕಿದರು. "ತುಳಿ! ಒಬ್ಬ ಅಪ್ಪನಿಗೆ ಉಟ್ಟಿದ್ರೆ ತುಳಿಯೋ ನೋಡಾನ!"

ಆಳುಗಳು ನಕ್ಕರು. ಸೊಣ್ಣಪ್ಪ ಮಾತ್ರ ತಲೆ ಓರೆ ಮಾಡಿ ಆಲಿಸುತ್ತಿದ್ದ, ಗುಡಿಯ ಗೋಡೆಯಾಚೆ ಕುಳಿತು ಪದ ಕೇಳುವವನಂತೆ.

"ಕೇಳಿಸ್ಕಂಡ್ರಾ ಪೂಜಾರಪ್ಪ?" ಎಂದ. "ಅಪ್ಪಣೆ ಆಯ್ತು."

ಸಿದ್ರಾಮಪ್ಪ ಚೊಂಬಿನೊಳಗೆ ಇಣುಕಿದ. ಇಲ್ಲ ಎನ್ನಲಿಲ್ಲ.

ಸೊಣ್ಣಪ್ಪ ನೆಲದ ಕಾಲನ್ನು ಎತ್ತಿ ಪೆಡಲ್ಲಿನ ಮೇಲಿಟ್ಟು ಒತ್ತಿದ. ಬ್ಯಾಟರಿಯ ಭಾರ, ಡೈನಮೊದ ಭಾರ, ಹೆಂಡತಿಯ ಭಾರ, ಎಲ್ಲ ಒಟ್ಟಿಗೆ ನರಳಿತು. ಚೈನು ಕಿರುಗುಟ್ಟಿತು. ಗಾಲಿ ಒಂದು ಗೇಣು ಸರಿಯಿತು, ಇನ್ನೊಂದು ಗೇಣು. ಕೋಲು ಬೀಸಿ ಬಂದು ಹಿಂದಿನ ಮಡ್‌ಗಾರ್ಡಿಗೆ ಬಡಿಯಿತು. ಅವನು ತುಳಿದ. ಇಡೀ ಜಗಲಿಯ ಉದ್ದಕ್ಕೂ ತುಳಿದ.

ಹುಣಸೆಮರದ ಹತ್ತಿರ ಮಾರಕ್ಕ ಅವನ ಕಂಕುಳಿನಿಂದ ಟವೆಲ್ಲು ಎಳೆದು ಹೆಗಲ ಮೇಲೆ ಹಾಕಿದಳು. ಹಾಕಿ, ಹಿಂತಿರುಗಿ ನೋಡಿದಳು. ಆಳುಗಳು ಜಾಲಿಮುಳ್ಳಿನ ಕೊಂಬೆಗಳನ್ನು ಎಳೆತಂದು ದಾರಿಗೆ ಅಡ್ಡ ಹಾಕುತ್ತಿದ್ದರು. ಸಂಜೆ ಮನೆಗೆ ಬರಲು ಇದ್ದದ್ದೂ ಅದೇ ದಾರಿ.

"ಸಂಜೆಗೆ ಬ್ಯಾಟ್ರಿ ತುಂಬ್ತದಾ?" ಎಂದು ಕೇಳಿದಳು.

"ತುಂಬ್ತದೆ," ಎಂದ ಸೊಣ್ಣಪ್ಪ, ಏದುಸಿರು ಬಿಡುತ್ತಾ.

"ತುಂಬಿಸ್ಬ್ಯಾಡ. ತುಳ್ಕಂಡೇ ಬರಾನ."